ಗಾಡಿಯ ಕೊನೆಯ ಡಬ್ಬಿ

ನಾನು ಮುಂಬಯಿಗೆ ಬಂದು ಬ್ಯಾಂಕಿನ ಕೆಲಸಕ್ಕೆ ಸೇರಿದ್ದು 1981ರಲ್ಲಿ. ಮಸ್ಜಿದ್ ಬಂದರ್ ಕಡೆಯ ಶಾಖೆ. ಎಂ.ಕಾಂ. ಮುಗಿಸಿ ಬಂದವನಿಗೆ ಮೊದಲು ಸಿಕ್ಕ ಮೇಜು ಬಿಲ್ಸ್ ವಿಭಾಗದ್ದು. ಹುಬ್ಬಳ್ಳಿಯ, ಗದಗಿನ, ಬ್ಯಾಡಗಿಯ ವ್ಯಾಪಾರಿ ಅರಳೆಯನ್ನೋ ಒಣಮೆಣಸಿನಕಾಯಿಯನ್ನೋ ಗೂಡ್ಸ್ ಗಾಡಿಗೆ ಹಾಕಿ, ರೈಲ್ವೆಯವರು ಕೊಟ್ಟ ರಸೀದಿಯನ್ನು ಹುಂಡಿಯ ಜೊತೆ ತನ್ನೂರಿನ ಬ್ಯಾಂಕಿಗೆ ಕೊಡುತ್ತಿದ್ದ. ಅದು ಅಂಚೆಯಲ್ಲಿ ನಮ್ಮ ಮೇಜಿಗೆ ಬರುತ್ತಿತ್ತು. ಇಲ್ಲಿನ ವ್ಯಾಪಾರಿ ದುಡ್ಡು ಕಟ್ಟಿದರೆ ರಸೀದಿ ಅವನ ಕೈಗೆ. ಅದನ್ನು ಹಿಡಿದು ವಾಡಿ ಬಂದರಿನ ಗೂಡ್ಸ್ ಶೆಡ್ಡಿಗೆ ಹೋದರೆ ಮಾಲು ಅವನದು. ಆ ರಸೀದಿಯನ್ನು ಬ್ಯಾಂಕಿನಲ್ಲಿ ಎಲ್ಲರೂ ಆರ್.ಆರ್. ಎನ್ನುತ್ತಿದ್ದೆವು.

ಆರ್.ಆರ್.ನಲ್ಲಿ ವ್ಯಾಗನ್ ನಂಬರಿಗೊಂದು ಕಾಲಂ ಇರುತ್ತಿತ್ತು. ನಂಬರು ತಿದ್ದಿದ್ದರೆ, ಮಸುಕಾಗಿದ್ದರೆ ಬಿಲ್ಲು ವಾಪಸು. ಹೀಗೆ ಸಾವಿರಾರು ವ್ಯಾಗನ್ನುಗಳ ನಂಬರು ನನ್ನ ಕಣ್ಣ ಮುಂದೆ ಹಾದುಹೋದವು. ಆದರೆ ಒಂದು ವ್ಯಾಗನ್ನನ್ನಾದರೂ ಹತ್ತಿರ ಹೋಗಿ ಮುಟ್ಟಿ ನೋಡಿದವನಲ್ಲ. ಲೋಕಲ್ ಗಾಡಿಗೆ ಅಡ್ಡ ಬಂದು ತಡಮಾಡಿಸುವ ಉದ್ದನೆಯ ಕಂದು ಸಾಲು, ಅಷ್ಟೆ.

2017ರಲ್ಲಿ ನಿವೃತ್ತನಾದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ನನ್ನ ಸೋದರಮಾವ ಅಲ್ಲಿದ್ದಾರೆ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಇಪ್ಪತ್ತೆರಡು ವರ್ಷ ಗೂಡ್ಸ್ ಗಾಡಿ, ಆಮೇಲೆ ಪ್ಯಾಸೆಂಜರ್. ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಕೇಳಿದರು: “ಮುಂಬಯ್ಯಾಗ ದೊಡ್ಡ ದೊಡ್ಡ ಲೈಬ್ರರಿ ಅದಾವಂತಲ್ಲೋ ತಮ್ಮಾ. ನಾ ಕುಂತಿದ್ದ ಡಬ್ಬಿದು ಒಂದು ಫೋಟೋ ಸಿಗತೈತೇನು ನೋಡು. ನಿಮ್ಮತ್ತಿ ಜೋಡಿ ಕುಂತಿದ್ದಕ್ಕಿಂತ ಅದರಾಗ ಹೆಚ್ಚ ಕುಂತೀನಿ.” ಒಳಗಿನಿಂದ ಅತ್ತೆ, “ಖರೇನ ಅದ” ಅಂದರು.

ಒಂದು ಫೋಟೋ ತಾನೆ, ಎರಡು ದಿನದ ಕೆಲಸ ಅಂದುಕೊಂಡೆ. ಅದು ಇವತ್ತಿಗೂ ಮುಗಿದಿಲ್ಲ.

ಹುಡುಕುತ್ತ ಹೋದಾಗ ಮೊದಲು ತಿಳಿದ ಸಂಗತಿ ಇದು. ನಾವೆಲ್ಲ ಶಾಲೆಯಲ್ಲಿ ಓದಿದ್ದು, ಭಾರತದ ಮೊದಲ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಓಡಿತು ಎಂದು. ಅದು ಮೊದಲ ಪ್ರಯಾಣಿಕರ ರೈಲು. ಹಳಿಯ ಮೇಲೆ ಸರಕು ಅದಕ್ಕೂ ಮುಂಚೆಯೇ ಓಡಿತ್ತು. 1837ರ ಹೊತ್ತಿಗೆ ಮದರಾಸಿನ ರೆಡ್ ಹಿಲ್ಸ್ ಕಡೆಯಿಂದ ರಸ್ತೆಗೆ ಬೇಕಾದ ಕಲ್ಲು ಹಳಿಯ ಮೇಲೆ ಬರುತ್ತಿತ್ತು. 1851ರಲ್ಲಿ ರೂರ್ಕಿಯ ಬಳಿ ಗಂಗಾ ಕಾಲುವೆಯ ಸೋಲಾನಿ ಮೇಲ್ಗಾಲುವೆ ಕಟ್ಟುವಾಗ ಮಣ್ಣು ಸಾಗಿಸಿದ್ದೂ ರೈಲಿನಲ್ಲೇ. ಮನುಷ್ಯರಿಗಿಂತ ಮೊದಲು ರೈಲು ಹತ್ತಿದ್ದು ಕಲ್ಲು ಮತ್ತು ಮಣ್ಣು.

ಮುಂಬಯಿಯ ಜಿ.ಐ.ಪಿ. ರೈಲ್ವೆ ಘಟ್ಟ ಹತ್ತಿದ್ದಕ್ಕೂ ದೊಡ್ಡ ಕಾರಣ ಸರಕೇ. ದಖ್ಖನಿನ ಹತ್ತಿ ಬಂದರಿಗೆ ಬೇಗ ಇಳಿಯಬೇಕೆಂದು ಲ್ಯಾಂಕಶೈರಿನ ಗಿರಣಿಯವರು ಒತ್ತಾಯಿಸುತ್ತಿದ್ದರು. ಭೋರ್ ಘಟ್ಟದ ದಾರಿ 1863ರಲ್ಲಿ ತೆರೆಯಿತು. ನಮ್ಮ ಕಡೆಯ ಕಥೆ ಬೇರೆ. 1876–78ರ ಭೀಕರ ಬರದಲ್ಲಿ, ದೇಶದ ಬೇರೆಡೆ ಧಾನ್ಯವಿದ್ದರೂ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗೆ ಅದನ್ನು ಮುಟ್ಟಿಸುವ ದಾರಿ ಸಾಲದೆ ಜನ ಸತ್ತರು. ಆ ಬರ ಕಲಿಸಿದ ಪಾಠದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಅದರ ಸುತ್ತ ಬೆಳೆದ ಬದುಕು, ನನ್ನ ಮಾವನ ನೌಕರಿ, ಎಲ್ಲದರ ಬೇರು ಅಲ್ಲಿದೆ. ಉತ್ತರ ಕರ್ನಾಟಕದ ರೈಲಿನ ಇತಿಹಾಸವನ್ನು ಹಿಂದಕ್ಕೆ ಓದುತ್ತ ಹೋದರೆ ಸಿಗುವುದು ಜೋಳದ ಚೀಲ ತುಂಬಿದ ವ್ಯಾಗನ್ನು.

ಆ ದಾರಿ ಹಾಕಿದ್ದು ಮೀಟರ್‌ಗೇಜಿನಲ್ಲಿ. ಡಾಲ್‌ಹೌಸಿಯ ಕಾಲದಲ್ಲಿ ಹಳಿಗಳ ನಡುವಿನ ಅಂತರ ಐದೂವರೆ ಅಡಿ, ಎಂದರೆ 1676 ಮಿಲಿಮೀಟರ್ ಎಂದು ನಿಶ್ಚಯವಾಗಿತ್ತು. 1870ರ ಸುಮಾರಿಗೆ ಲಾರ್ಡ್ ಮೇಯೊ, ಇಷ್ಟು ಅಗಲ ದುಬಾರಿ, ಕೆಲವು ಕಡೆ ಒಂದು ಮೀಟರ್ ಸಾಕು ಎಂದ. ಬ್ಯಾಂಕಿನವನ ಕಣ್ಣಿಗೆ ಇದು ಹಳೆಯ ರೋಗ: ಸಾಲದ ಮೊತ್ತ ಉಳಿಸಿ, ನಿರ್ವಹಣೆಯ ಖರ್ಚಿಗೆ ಬಲಿಯಾಗುವುದು. ಎರಡು ಗೇಜು ಕೂಡುವ ಕಡೆ ಒಂದು ವ್ಯಾಗನ್ನಿನ ಮಾಲನ್ನೆಲ್ಲ ಹಮಾಲರು ಹೊತ್ತು ಇನ್ನೊಂದಕ್ಕೆ ತುಂಬಬೇಕು. ಹುಬ್ಬಳ್ಳಿಯಿಂದ ಮುಂಬಯಿಗೆ ಬರುವ ಮಾಲಿಗೆ ಈ ಗತಿ ಮೊದಲು ಪುಣೆಯಲ್ಲಿ, ಪುಣೆ–ಮೀರಜ್ ಹಳಿ ಅಗಲವಾದ ಮೇಲೆ ಮೀರಜಿನಲ್ಲಿ. ನನ್ನ ಮೇಜಿನ ಮುಂದೆ ನಿಂತು, “ಸಾಹೇಬ್ರ, ನಾಕು ಚೀಲ ಕಮ್ಮಿ ಬಂದಾವ, ಎರಡು ಒಡದಾವ” ಎಂದು ಗೋಳಾಡುತ್ತಿದ್ದ ವ್ಯಾಪಾರಿಗಳಿಗೆ ನಾನು ವಿಮೆಯ ಕಾಗದ ತೋರಿಸುತ್ತಿದ್ದೆ. ಚೀಲ ಒಡೆದದ್ದರ ಮೂಲ ನೂರು ವರ್ಷ ಹಿಂದಿನ ಒಂದು ಉಳಿತಾಯದಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. 1992ರಲ್ಲಿ ಯುನಿಗೇಜ್ ಯೋಜನೆ ಬಂದ ಮೇಲೆ ನಮ್ಮ ಹಳಿಗಳೂ ಅಗಲವಾದವು.

ಹಳಿ ಅಗಲವಾದಾಗ ಮೀಟರ್‌ಗೇಜಿನ ಡಬ್ಬಿಗಳ ಕಾಲವೂ ಮುಗಿಯಿತು. ನಾನು ಹುಡುಕುತ್ತಿದ್ದುದು ಅವನ್ನೇ.

ನಿವೃತ್ತಿಯ ಮೇಲೆ ಯಾರ್ಡಿನ ಬೇಲಿಯ ಹೊರಗೆ ನಿಂತು ವ್ಯಾಗನ್ನಿನ ಮೈಮೇಲಿನ ಬರಹ ಓದುವುದು ಅಭ್ಯಾಸವಾಯಿತು. ಅದು ಒಂದು ಲೆಡ್ಜರ್ ಪುಟ. ಮಾಲೀಕ ರೈಲ್ವೆಯ ಅಕ್ಷರ, ವ್ಯಾಗನ್ನಿನ ಜಾತಿ, ನಂಬರು, ಖಾಲಿ ತೂಕ, ಹೊರಬಹುದಾದ ತೂಕ, ರಿಪೇರಿಗೆ ಯಾವ ವರ್ಕ್‌ಶಾಪಿಗೆ ಯಾವ ತಿಂಗಳಲ್ಲಿ ಮರಳಬೇಕೆಂಬ ವಾಯಿದೆ, ಎಲ್ಲ ಅಲ್ಲೇ. ಜಾತಿಯ ಅಕ್ಷರಗಳಿಗೂ ಅರ್ಥವಿದೆ. ‘ಸಿ’ ಎಂದರೆ ಮುಚ್ಚಿದ್ದು, ‘ಓ’ ಎಂದರೆ ತೆರೆದದ್ದು, ‘ಬಿ’ ಇದ್ದರೆ ಎಂಟು ಗಾಲಿಯ ಬೋಗಿ ವ್ಯಾಗನ್ನು. ಬಾಕ್ಸ್‌ಎನ್ ಎಂಬ ಕಲ್ಲಿದ್ದಲು ವ್ಯಾಗನ್ನಿನ ಕೊನೆಯ ‘ಎನ್’ ಗಾಳಿಯ ಬ್ರೇಕಿನ ಗುರುತು. ‘ಎಂ’ ಮುಂದೆ ಬಂದರೆ ಮೀಟರ್‌ಗೇಜು. ಆ ‘ಎಂ’ ಈಗ ಕಣ್ಣಿಗೆ ಬೀಳುವುದೇ ಇಲ್ಲ.

ಕಂಪನಿಗಳ ಕಾಲದಲ್ಲಿ ಒಬ್ಬರ ವ್ಯಾಗನ್ನು ಇನ್ನೊಬ್ಬರ ಹಳಿಯ ಮೇಲೆ ಹೋದರೆ ಬಾಡಿಗೆ ಲೆಕ್ಕ ಇಡಬೇಕಿತ್ತು. ಜಂಕ್ಷನ್ನುಗಳಲ್ಲಿ ನಂಬರ್ ಟೇಕರುಗಳು ಮಳೆಯಿರಲಿ, ರಾತ್ರಿಯಿರಲಿ, ಲಾಟೀನು ಹಿಡಿದು ಸಾಲಿನುದ್ದಕ್ಕೂ ನಡೆದು ನಂಬರು ಬರೆದುಕೊಳ್ಳುತ್ತಿದ್ದರು. ಈ ಕೊಡುಕೊಳೆಯ ನಿಯಮಗಳನ್ನು ನೋಡಿಕೊಳ್ಳಲು 20ನೇ ಶತಮಾನದ ಆರಂಭದಲ್ಲಿ ರೈಲ್ವೆಗಳೇ ಸೇರಿ ಒಂದು ಕಾನ್ಫರೆನ್ಸ್ ಅಸೋಸಿಯೇಷನ್ ಕಟ್ಟಿಕೊಂಡವು. ನಮ್ಮ ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ಮಾಡುವ ಕೆಲಸವೇ ಇದು, ಇಲ್ಲಿ ಚೆಕ್ಕಿನ ಜಾಗದಲ್ಲಿ ವ್ಯಾಗನ್ನು.

ಆರ್.ಆರ್. ಎಂಬ ಆ ಕಾಗದಕ್ಕೆ ಎಷ್ಟು ತೂಕ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಠಾಣೆಯ ವ್ಯಾಪಾರಿಯೊಬ್ಬರು ದಿಲ್ಲಿ ಬಳಿಯ ಓಖ್ಲಾಕ್ಕೆ 35,500 ರೂಪಾಯಿಯ ಮಾಲು ಹಾಕಿ, ಆರ್.ಆರ್.ಗಳನ್ನು ಮೋರ್ವಿ ಮರ್ಕಂಟೈಲ್ ಬ್ಯಾಂಕಿಗೆ ಕೊಟ್ಟು 20,000 ರೂಪಾಯಿ ಪಡೆದಿದ್ದರು. ಮಾಲು ಮುಟ್ಟಲಿಲ್ಲ. ಆರ್.ಆರ್. ಅಡವಿಟ್ಟರೆ ಮಾಲನ್ನೇ ಅಡವಿಟ್ಟಂತೆ, ಬ್ಯಾಂಕು ಪೂರ್ತಿ ಬೆಲೆಯನ್ನು ಕೇಳಬಹುದು ಎಂದು 1965ರಲ್ಲಿ ತೀರ್ಪಾಯಿತು. ನಮ್ಮ ಕಾಲದವರಿಗೆ ಇದು ಬಾಯಿಪಾಠ. ಆದರೆ ಆ ಕಾಗದ ನಿಜವಾಗಬೇಕಾದರೆ ಮಾಲು ನಿಜವಾಗಿ ದಾರಿ ಸವೆಸಬೇಕು. ಸಾಲಿನ ತುದಿಯಲ್ಲಿ ಕೂತು ಅದನ್ನು ಕಾಯುತ್ತ ಹೋಗುವವನು ಗಾರ್ಡು.

ಅವನು ಕೂರುವ ಬ್ರೇಕ್ ವ್ಯಾನನ್ನು ನಮ್ಮ ಕಡೆ ‘ಗಾರ್ಡ್ ಡಬ್ಬಿ’ ಅನ್ನುತ್ತಾರೆ. ಮೊದಮೊದಲು ಎಂಜಿನ್ನಿನಿಂದ ಎಲ್ಲ ವ್ಯಾಗನ್ನಿಗೂ ಬ್ರೇಕು ಹಾಕುವ ಏರ್ಪಾಡು ಇರಲಿಲ್ಲ. ಹಿಂದಿನ ಡಬ್ಬಿಯಲ್ಲಿ ಕೂತವನು ಕೈಚಕ್ರ ತಿರುಗಿಸಿ ಬ್ರೇಕು ಬಿಗಿಯಬೇಕಿತ್ತು. ಹೆಸರು ಬಂದದ್ದು ಅದರಿಂದ. ವ್ಯಾಕ್ಯೂಂ ಬ್ರೇಕು ಬಂದ ಮೇಲೂ ಅವನ ಕೆಲಸ ಮುಗಿಯಲಿಲ್ಲ. ಯಾಕೆಂದು ಮಾವನೇ ಹೇಳಿದರು.

ಕುಳೇಂದಿಂದ ಕ್ಯಾಸಲ್‌ರಾಕ್ ಘಟ್ಟದ ಏರು ಕೆಲವೆಡೆ 37 ಅಡಿಗೆ ಒಂದು ಅಡಿ. ಮಳೆಗಾಲದ ರಾತ್ರಿ. ಗಾಡಿ ಹತ್ತುವಾಗ ನಡುವೆ ಕೊಂಡಿ ಕಡಿಯಿತು. ಮುಂದಿನ ಅರ್ಧ ಎಂಜಿನ್ನಿನ ಜೊತೆ, ಹಿಂದಿನ ಅರ್ಧ ಮಾವನ ಜೊತೆ. ಪೈಪು ಕಡಿದ ಕೂಡಲೆ ವ್ಯಾಕ್ಯೂಂ ಬ್ರೇಕು ತಾನಾಗಿ ಹಿಡಿಯುತ್ತದೆ. “ಹಿಡೀತೈತಿ, ಆದರ ಹೊತ್ತು ಹೋದಂಗ ಸಡಲ ಆಗತೈತಿ. ಅದನ್ನ ನಂಬಿ ನಿದ್ದಿ ಮಾಡಿದರ ಗಾಡಿ ಹಿಂದಕ್ಕ ಉರುಳಿ ದೂಧಸಾಗರಕ್ಕ ಜಳಕಕ್ಕ ಹೋಗತೈತಿ.” ಮಾವ ಕೈಬ್ರೇಕು ಬಿಗಿದು, ಗಾಲಿಗಳಿಗೆ ಕಟ್ಟಿಗೆಯ ತುಂಡು ಕೊಟ್ಟು, ಕೈಲಾಟೀನು ಹಿಡಿದು ಹಿಂದಕ್ಕೆ ನಡೆದರು. ಮೀಟರ್‌ಗೇಜಿನಲ್ಲಿ 400 ಮೀಟರ್ ದೂರಕ್ಕೆ ಒಂದು ಪಟಾಕಿ, 800 ಮೀಟರಿಗೆ ಮೂರು ಪಟಾಕಿ ಹಳಿಗೆ ಕಟ್ಟಬೇಕು. ಹಿಂದಿನಿಂದ ಯಾವುದಾದರೂ ಎಂಜಿನ್ನು ಬಂದರೆ ಅದರ ಗಾಲಿಗೆ ಸಿಕ್ಕಿ ಸಿಡಿಯಲಿ, ಡ್ರೈವರು ನಿಲ್ಲಿಸಲಿ ಎಂದು. ಒಂದು ಕಡೆ ಕಂದರ, ಒಂದು ಕಡೆ ಬಂಡೆ, ಮೇಲೆ ಮಳೆ. ಬೆಳಗಿನ ಹೊತ್ತಿಗೆ ಇನ್ನೊಂದು ಎಂಜಿನ್ನು ಬಂತಂತೆ. ಆ ಡಬ್ಬಿಯಲ್ಲಿ ದೀಪವಿರಲಿಲ್ಲ, ಪಾಯಖಾನೆ ಇರಲಿಲ್ಲ. ನಾಲ್ಕೇ ಗಾಲಿ, ಓಡುವಾಗ ಬೆನ್ನುಮೂಳೆ ಎಣಿಸಬಹುದಿತ್ತಂತೆ.

ಇಂಥ ಡಬ್ಬಿಯ ಫೋಟೋಗೆ ನಾನು ಮುಂಬಯಿಯ ಹಳೆಯ ಗ್ರಂಥಾಲಯಗಳಲ್ಲಿ ಕೂತೆ. ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಹಳೆಯ ರೂಲ್‌ಬುಕ್ ಕೊಂಡೆ. ಎಂಜಿನ್ನಿನ ಇತಿಹಾಸ ಬೇಕಾದಷ್ಟಿದೆ: ಯಾರು ಕಟ್ಟಿದರು, ಯಾವ ವರ್ಷ, ಗಾಲಿಯ ಅಳತೆ ಎಷ್ಟು. ವ್ಯಾಗನ್ನುಗಳು ಸಿಗುವುದು ವರದಿಗಳ ಕೊನೆಯ ಕೋಷ್ಟಕದಲ್ಲಿ, ಒಟ್ಟು ಸಂಖ್ಯೆಯಾಗಿ. ದಿಲ್ಲಿಗೆ ಹೋದಾಗ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೂ ಹೋದೆ. 1977ರಲ್ಲಿ ಆರಂಭವಾದದ್ದು. ಅಲ್ಲಿ ನಮ್ಮ ಮೈಸೂರು ಮಹಾರಾಜರ 1899ರ ಸಲೂನು ಇದೆ. ಕನ್ನಡಿಗನಾಗಿ ಅದರ ಮುಂದೆ ನಿಂತು ಹಿಗ್ಗಿದೆ. ವ್ಯಾಗನ್ನುಗಳೂ ಕೆಲವಿವೆ. ಜನ ಅವನ್ನು ದಾಟಿ ಎಂಜಿನ್ನಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇ ಮಾಡಿದವನು. ರೈಲ್ವೆಗೆ ಅನ್ನ ಹಾಕುವುದು ಸರಕಿನ ದುಡ್ಡು. ಆದರೂ ಮಾಲು ಹೊತ್ತ ಡಬ್ಬಿ ಹಳತಾದರೆ ಗುಜರಿಗೆ, ಟನ್ನಿನ ಲೆಕ್ಕದಲ್ಲಿ.

ಅಮೆರಿಕದಲ್ಲಿ ಗಾರ್ಡ್ ಡಬ್ಬಿಗೆ ಕಬೂಸ್ ಎನ್ನುತ್ತಾರೆ. 1980ರ ದಶಕದಲ್ಲಿ ಗಾಡಿಯ ಬಾಲಕ್ಕೆ ಕಟ್ಟುವ ಪುಟ್ಟ ಯಂತ್ರ ಅದರ ಜಾಗ ಹಿಡಿಯಿತು. ಆದರೆ ಅಲ್ಲಿನವರು ಬಿಟ್ಟ ಕಬೂಸುಗಳನ್ನು ಕೊಂಡು ಬಣ್ಣ ಹೊಡೆದು ಊರ ಪಾರ್ಕುಗಳಲ್ಲಿ, ಸಂಗ್ರಹಾಲಯಗಳಲ್ಲಿ ಇಟ್ಟರು. ಅಂಥ ಯಂತ್ರ ಕಟ್ಟಿ ಗಾರ್ಡ್ ಇಲ್ಲದೆ ಗೂಡ್ಸ್ ಗಾಡಿ ಓಡಿಸುವ ಪ್ರಯೋಗ ನಮ್ಮಲ್ಲೂ ನಡೆದಿದೆ. 2022ರಲ್ಲಿ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ‘ಟ್ರೈನ್ ಮ್ಯಾನೇಜರ್’ ಎಂದು ಬದಲಿಸಿದಾಗ ಮಾವ ಫೋನು ಮಾಡಿದ್ದರು: “ಭಾಳ ಮೆರೀತಿದ್ದೆಲ್ಲ ಮ್ಯಾನೇಜರ್ ಅಂತ? ಈಗ ನಾನೂ ಮ್ಯಾನೇಜರಾ!”

ಹೊಸ ವ್ಯಾಗನ್ನುಗಳ ಲೆಕ್ಕ ಇನ್ನೂ ವಿಚಿತ್ರ. 1986ರಲ್ಲಿ ಐ.ಆರ್.ಎಫ್.ಸಿ. ಎಂಬ ಹಣಕಾಸು ಸಂಸ್ಥೆ ಬಂತು. ಅದು ಬಾಂಡುಗಳ ಮೂಲಕ ಹಣವೆತ್ತಿ, ಎಂಜಿನ್ನು, ಡಬ್ಬಿಗಳನ್ನು ರೈಲ್ವೆಗೆ ಲೀಸಿಗೆ ಕೊಡುತ್ತದೆ. ಮೈಮೇಲೆ ರೈಲ್ವೆಯ ಹೆಸರಿದ್ದರೂ ಅಂಥ ವ್ಯಾಗನ್ನಿನ ಕಾಗದದ ಮಾಲೀಕ ಬೇರೆ. ಮೈಮೇಲಿನ ಬರಹವನ್ನೂ ಪೂರ್ತಿ ನಂಬುವಂತಿಲ್ಲ ಎಂದು ಅಲ್ಲಿ ಕಲಿತೆ.

ಕಡೆಗೆ ಒಂದು ಹಳೆಯ ಪುಸ್ತಕದಲ್ಲಿ, ಎಂಜಿನ್ನಿನ ಚಿತ್ರದ ಅಂಚಿನಲ್ಲಿ, ಅರ್ಧ ಗಾರ್ಡ್ ಡಬ್ಬಿ ಸಿಕ್ಕಿತು. ಜೆರಾಕ್ಸ್ ಮಾಡಿಸಿ, ಉಳಿದರ್ಧವನ್ನು ಅಂದಾಜಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಹುಬ್ಬಳ್ಳಿಗೆ ತೆಗೆದುಕೊಂಡು ಹೋದೆ. ಮಾವನಿಗೆ ಆಗಲೇ ಎಂಬತ್ತು ದಾಟಿತ್ತು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನ ಜೇಬಿನ ಬಾಲ್‌ಪೆನ್ನು ಕಿತ್ತುಕೊಂಡರು.

“ಖುರ್ಚಿ ಬರದೀಯಲ್ಲೋ, ಖುರ್ಚಿ ಎಲ್ಲಿದ್ದು? ನಮ್ಮ ಲೈನ್ ಬಾಕ್ಸಿನ ಮ್ಯಾಲೇ ಕೂಡತಿದ್ವಿ.” ಖುರ್ಚಿಯನ್ನು ಗೀಚಿ ಪೆಟ್ಟಿಗೆ ಬರೆದರು. ಬ್ರೇಕಿನ ಚಕ್ರವನ್ನು ಆ ಕಡೆಯಿಂದ ಈ ಕಡೆಗೆ ತಂದರು. ವ್ಯಾಕ್ಯೂಂ ತೋರಿಸುವ ಗಡಿಯಾರ, ಲಾಟೀನು ನೇತುಹಾಕುವ ಕೊಂಡಿ, ಚಹಾದ ಬಾಟಲಿ ಇಡುತ್ತಿದ್ದ ಮೂಲೆ. ಕೈ ನಡುಗುತ್ತಿತ್ತು, ಗೆರೆ ನಡುಗಲಿಲ್ಲ.

ನನ್ನ ಹಳೆಯ ಚಟ. “ಮಾಮಾ, ನಿಮ್ಮ ಡಬ್ಬಿ ನಂಬರ್ ಹೇಳ್ರಿ, ಬರಕೋತೀನಿ” ಎಂದೆ.

“ನಂಬರ್ ಎಲ್ಲಿಂದು? ದಿನಾ ಒಂದೊಂದು ಡಬ್ಬಿ. ಬಂದದ್ದು ಹತ್ತೋದು. ಎಲ್ಲಾ ನಮ್ಮುವ.”

ಆ ಹಾಳೆ ಈಗ ನನ್ನ ಫೈಲಿನಲ್ಲಿದೆ. ಎಂಜಿನ್ನಿನ ಭಾಗ ಕತ್ತರಿಸಿ ತೆಗೆದಿದ್ದೇನೆ. ಕೆಳಗೆ ವರ್ಗ, ಗೇಜು, ಓಡಿದ ದಾರಿ ಎಲ್ಲ ಬರೆದಿದ್ದೇನೆ. ವ್ಯಾಗನ್ ನಂಬರಿನ ಕಾಲಂ ಖಾಲಿ ಬಿಟ್ಟು ನಾನು ಪಾಸು ಮಾಡಿದ ಕಾಗದ ಅದೊಂದೇ.