ಹೇಳದ ಕಥೆ ಸುಮ್ಮನಿರುವುದಿಲ್ಲ: ಮಕ್ಕಳ ಕಥೆ ಪುಸ್ತಕ ನಡೆದು ಬಂದ ದಾರಿ

ಒಂದೂರಲ್ಲಿ ಒಬ್ಬ ಹೆಂಗಸು. ಅವಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಒಳಗೇ ಇದ್ದೂ ಇದ್ದೂ ಎರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಹಾರಿದವು. ಕಥೆ ಜೋಡು ಬೂಟಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತಾಡಿತು. ಮನೆಗೆ ಬಂದ ಗಂಡ "ಯಾರದ್ದು ಇದು?" ಎಂದ. ಅವಳು "ನನಗೆ ಗೊತ್ತಿಲ್ಲ" ಎಂದಳು. ಜಗಳ ಹತ್ತಿತು. ಗಂಡ ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ.

ಇದು ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದಲ್ಲೂ ಇದು ಬರುತ್ತದೆ. ಕಥೆ ಹೇಗೆ ಮುಗಿಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಹೇಳದೆ ಇಟ್ಟ ಕಥೆ ಮನೆಯ ನೆಮ್ಮದಿ ಕೆಡಿಸುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಅದು ಮಾತ್ರ ನೆನಪಿರಲಿ.

ಬಾಯಿಂದ ಪುಸ್ತಕಕ್ಕೆ

ನೂರು ವರ್ಷದ ಹಿಂದೆ ಕಥೆಗೆ ಪುಸ್ತಕ ಬೇಕಿರಲಿಲ್ಲ. ಅಜ್ಜಿ ಇದ್ದಳು, ಜಗುಲಿ ಇತ್ತು, ರಾತ್ರಿ ಇತ್ತು. ಶಾಲೆಯಲ್ಲಿ ಮಾತ್ರ ಕಥೆಗೆ ಜಾಗ ಕಡಿಮೆ. ಅಲ್ಲಿ ಬಾಯಿಪಾಠ, ಮಗ್ಗಿ, ಬೆತ್ತ.

ಇದನ್ನು ಹತ್ತಿರದಿಂದ ಕಂಡವರು ಪಂಜೆ ಮಂಗೇಶರಾಯರು (1874–1937). ಬಂಟ್ವಾಳದವರು. ಮೇಷ್ಟ್ರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದವರು. ಮಕ್ಕಳು ಮನೆಯಲ್ಲಿ ಕೇಳುತ್ತಿದ್ದ ಕಥೆಯ ದಾಟಿಯನ್ನೇ ಅವರು ಪುಸ್ತಕಕ್ಕೆ ತಂದರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ' ಸರಪಳಿ ಕಥೆಗಳ ಜಾತಿಯದ್ದು. ಹೆಸರಲ್ಲೇ ಪ್ರಶ್ನೆ ಇದೆ. ಇಂಥ ಕಥೆಗಳಲ್ಲಿ ಒಬ್ಬನನ್ನು ಕೇಳಿದರೆ ಅವನು ಇನ್ನೊಬ್ಬನತ್ತ ಬೆರಳು ತೋರಿಸುತ್ತಾನೆ, ಅವನು ಮತ್ತೊಬ್ಬನತ್ತ. ಅದೇ ಮಾತು ಮತ್ತೆ ಮತ್ತೆ ಬರುವುದರಿಂದ ಮೂರನೇ ಸಲಕ್ಕೆ ಮಗುವೇ ಮುಂದಿನ ಮಾತು ಹೇಳಿಬಿಡುತ್ತದೆ. ಪುಟ ನೋಡುತ್ತಾ ಹೇಳಿದರೆ ಅದೇ ಓದಿನ ಮೊದಲ ಹೆಜ್ಜೆ.

ಅವರ ನಂತರ ಹಲವರು ಬಂದರು. ಜಿ.ಪಿ. ರಾಜರತ್ನಂ ಶಿಶುಗೀತೆ ಕೊಟ್ಟರು. ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದು ಯುರೋಪಿನ ಹಳೆಯ ಕಥೆಯೊಂದನ್ನು ನಮ್ಮೂರಿಗೆ ಕರೆತಂದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದು, ಹಳ್ಳಿಯ ಮಗುವಿಗೂ ಲೋಕದ ಸಂಗತಿಯೆಲ್ಲ ಕನ್ನಡದಲ್ಲೇ ಸಿಗಬೇಕು ಎಂದು ತೋರಿಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿ, ಮಕ್ಕಳು ಹಾಡಲು, ಆಡಲು, ನಾಟಕ ಮಾಡಲು ಜಾಗ ಮಾಡಿಕೊಟ್ಟರು. 1970ರ ದಶಕದಲ್ಲಿ ರಾಷ್ಟ್ರೋತ್ಥಾನದ 'ಭಾರತ-ಭಾರತಿ' ಮಾಲೆ ಶುರುವಾಯಿತು. ಕೈಗೆ ಹಿಡಿಸುವ 510 ಪುಟ್ಟ ಪುಸ್ತಕಗಳು. ಎಷ್ಟೋ ಹಳ್ಳಿ ಶಾಲೆಗಳ ಬೀರುವಿನಲ್ಲಿ ಈಗಲೂ ಇವೆ.

ಇವೆಲ್ಲ ದೊಡ್ಡ ಕೆಲಸ. ಆದರೂ ಒಂದು ಕೊರತೆ ಉಳಿಯಿತು. 'ಭಾರತ-ಭಾರತಿ'ಯಲ್ಲಿ ಇರುವುದು ಮಹಾಪುರುಷರು. ಓದಲು ಬಾರದ, ಕತ್ತಲಿಗೆ ಹೆದರುವ, ತಮ್ಮ ಹುಟ್ಟಿದ ಮೇಲೆ ಅಮ್ಮ ತನ್ನ ಕಡೆ ನೋಡುತ್ತಿಲ್ಲ ಎಂದು ಮುನಿಸಿಕೊಂಡ ಮಗು ಯಾವ ಪುಸ್ತಕದಲ್ಲಿದೆ?

ನಮ್ಮ ಅಕ್ಷರದ ಬೆಟ್ಟ

ಇನ್ನೊಂದು ಕಷ್ಟ ನಮ್ಮ ಲಿಪಿಯದ್ದು. ಕನ್ನಡದಲ್ಲಿ 49 ಅಕ್ಷರ ಕಲಿತರೆ ಮುಗಿಯಿತು ಅಂದುಕೊಳ್ಳುತ್ತೇವೆ. ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಇಷ್ಟೂ ಅಕ್ಷರ ಕೈಗೆ ಹತ್ತಲು ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ. ಹಾಗಾದರೆ ಎರಡನೇ ತರಗತಿಯಲ್ಲಿ ತಡವರಿಸುವ ಮಗು ದಡ್ಡ ಅಲ್ಲ, ದಾರಿಯಲ್ಲಿದೆ ಅಷ್ಟೇ. ಅಷ್ಟು ದೂರ ನಡೆಯಲು ಅದಕ್ಕೆ ಬುತ್ತಿ ಬೇಕು. ಚಿತ್ರ ದೊಡ್ಡದು, ವಾಕ್ಯ ಚಿಕ್ಕದು, ಮಾತು ಮರಳಿ ಮರಳಿ ಬರುವ ಕಥೆಯೇ ಆ ಬುತ್ತಿ.

ಸರ್ಕಾರಿ ಶಾಲೆಯಲ್ಲಿ ಈ ಮಾತಿಗೆ ಕಿವಿಗೊಟ್ಟ ಪ್ರಯತ್ನ 'ನಲಿ-ಕಲಿ'. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದ ಮೇಷ್ಟ್ರುಗಳೇ ಕುಳಿತು ಕಾರ್ಡು, ಹಾಡು, ಕಥೆ, ಆಟ ಸಿದ್ಧ ಮಾಡಿದರು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬುದು ಅದರ ಲೆಕ್ಕ.

ಬಾಣಸವಾಡಿಯ ಕೆಲಸ

ಬೆಂಗಳೂರಿನ ಪೂರ್ವಕ್ಕೆ ವಿಮಾನಪುರವಿದೆ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯಿಂದ ಬಂದ ಹೆಸರು. ಕೆಲಸಕ್ಕೆಂದು ನಾನಾ ಕಡೆಯ ಜನ ಬಂದು ನೆಲೆಸಿದ ಜಾಗ. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಒಂದೇ ಬೀದಿಯಲ್ಲಿ ಕೇಳುತ್ತವೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುವ ಮಕ್ಕಳು ಇಲ್ಲಿ ಸಾಮಾನ್ಯ.

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಾಣಸವಾಡಿಯ ವಿಳಾಸ 'ಪ್ರಥಮ್ ಬುಕ್ಸ್' ಪುಸ್ತಕಗಳ ಮೇಲೆ ಕಾಣುತ್ತದೆ. ಲಾಭಕ್ಕಲ್ಲದ ಈ ಪ್ರಕಾಶನ 2004ರಲ್ಲಿ ಹುಟ್ಟಿತು. ಪ್ರಥಮ್ ಸಂಸ್ಥೆ ಮಕ್ಕಳಿಗೆ ಓದು ಕಲಿಸುತ್ತಿತ್ತು. ಆದರೆ ಓದಲು ಕಲಿತ ಮಗು ಮುಂದೆ ಏನು ಓದಬೇಕು? ಕಡಿಮೆ ಬೆಲೆಯ, ಅದರ ಭಾಷೆಯ ಪುಸ್ತಕ ಅಂಗಡಿಯಲ್ಲಿ ಸಿಗುವುದು ಅಪರೂಪವಾಗಿತ್ತು. ಪ್ರತಿ ಮಗುವಿನ ಕೈಗೂ ಒಂದು ಪುಸ್ತಕ ಎಂಬ ಗುರಿ ಇಟ್ಟುಕೊಂಡು ಹಲವು ಭಾಷೆಗಳಲ್ಲಿ ಪುಸ್ತಕ ತರತೊಡಗಿದರು.

ಮುದ್ರಿಸಿ ಹಂಚಿದಷ್ಟೂ ಸಾಲದು ಎಂದು ಕಂಡಾಗ ಅವರು ಇನ್ನೊಂದು ಹೆಜ್ಜೆ ಇಟ್ಟರು. 2015ರ ಸೆಪ್ಟೆಂಬರ್ 8, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದು 'ಸ್ಟೋರಿವೀವರ್' ಎಂಬ ಜಾಲತಾಣ ತೆರೆದರು. ಮೊದಲ ದಿನ 24 ಭಾಷೆಗಳಲ್ಲಿ ಸುಮಾರು 800 ಕಥೆ. ಇಂದು 300ಕ್ಕೂ ಹೆಚ್ಚು ಭಾಷೆಗಳ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ಸಾಕು. ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ತಮ್ಮೂರಿಗೆ ತಕ್ಕಂತೆ ಬದಲಿಸಬಹುದು, ಮುದ್ರಿಸಬಹುದು. ಅಜ್ಜಿ ಕಥೆಗೆ ಯಾರೂ ಹಕ್ಕು ಕೇಳುತ್ತಿರಲಿಲ್ಲವಲ್ಲ, ಆ ಪದ್ಧತಿಯೇ ಮರಳಿ ಬಂದ ಹಾಗೆ.

ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ್ದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಮಗುವಿನ ತರಗತಿ ನೋಡಬೇಡಿ, ಅದು ಎಷ್ಟು ಓದಬಲ್ಲದು ಅದನ್ನು ನೋಡಿ ಆರಿಸಿ.

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ 'ಸುಚನಾ' ಎಂಬ ಸಂಸ್ಥೆ ಇವೇ ಕಥೆಗಳನ್ನು ಸಂತಾಲಿ ಮತ್ತು ಕೋರಾ ಭಾಷೆಗೆ ತಂದಿತು. ನಮ್ಮ ತಾಂಡಾದ ಮಗು, ಸೋಲಿಗರ ಹಾಡಿಯ ಮಗು ಶಾಲೆಗೆ ಬಂದ ದಿನವೇ ಮೊದಲ ಸಲ ಪುಸ್ತಕದ ಕನ್ನಡ ಕೇಳುತ್ತದೆ. ಅಲ್ಲಿನ ಓದಿದ ಹುಡುಗಿ ಒಬ್ಬಳು ಮನೆಮಾತಿನಲ್ಲಿ ಹತ್ತು ಕಥೆ ಮಾಡಿಟ್ಟರೆ ಆ ಮಗುವಿಗೆ ಶಾಲೆಯ ಬಾಗಿಲು ಅಷ್ಟು ಹಗುರಾಗುತ್ತದೆ.

ಮನಸ್ಸು ಬೆಳೆಯುವುದು ಹೇಗೆ

ರೋಹಿಣಿ ನಿಲೇಕಣಿಯವರು 'ನೋನಿ' ಎಂಬ ಹೆಸರಲ್ಲಿ ಶೃಂಗೇರಿ ಶ್ರೀನಿವಾಸ ಎಂಬ ರೈತನ ಕಥೆಗಳನ್ನು ಬರೆದಿದ್ದಾರೆ. ಒಂದರಲ್ಲಿ ಅವನ ಉದ್ದ ಕೂದಲು ಕತ್ತರಿಸಲು ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದರಲ್ಲಿ ತೋಟದ ತುಂಬ ಬಾಳೆಹಣ್ಣು, ಕೊಳ್ಳುವವರಿಲ್ಲ. ಎರಡನೆಯದರ ಬಿಸಿ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದನ್ನು ಮಗು ಓದಿ ನಗುತ್ತದೆ. ಆದರೆ "ಈಗ ಆಗಲ್ಲ, ಆಮೇಲೆ ಬಾ" ಎಂಬ ಮಾತು ಅದಕ್ಕೂ ದಿನಾ ಸಿಗುವಂಥದ್ದೇ. ತನಗಾದ ಬೇಸರ ಇನ್ನೊಬ್ಬನಿಗೂ ಆಗುತ್ತದೆ ಎಂದು ನಗುತ್ತಲೇ ಗೊತ್ತಾಗುತ್ತದೆ.

ಸುಜಾತಾ ಪದ್ಮನಾಭನ್ ಬರೆದ ಚುಸ್ಕಿತ್ ಕಥೆಯ ಹುಡುಗಿ ಲಡಾಖಿನವಳು. ಕಾಲಿನ ತೊಂದರೆಯಿಂದ ಗಾಲಿ ಕುರ್ಚಿಯಲ್ಲಿರುವ ಅವಳಿಗಾಗಿ ಊರಿನ ಮಕ್ಕಳೇ ಸೇರಿ ಶಾಲೆಯ ದಾರಿ ಸಮ ಮಾಡುತ್ತಾರೆ. ಓದಿದ ಮಗು ತನ್ನ ಶಾಲೆಯ ಮೆಟ್ಟಿಲನ್ನು ಬೇರೆ ಕಣ್ಣಿಂದ ನೋಡಲು ಕಲಿಯುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಗೋವಿನ ಹಾಡು ಕೇಳಿ ಕರುವಿಗಾಗಿ ಅತ್ತವರು ನಾವೆಲ್ಲ. ಸತ್ಯ ಹೇಳಬೇಕು ಎಂದು ನೂರು ಸಲ ಹೇಳಿಸಿಕೊಂಡದ್ದಕ್ಕಿಂತ ಆ ಅಳು ಹೆಚ್ಚು ಕಲಿಸಿತು. ಅದಕ್ಕೇ ಕಥೆ ಮುಗಿದ ಕೂಡಲೇ "ಇದರ ನೀತಿ ಏನು?" ಎಂದು ಕೇಳುವ ಚಾಳಿ ಬಿಡಬೇಕು. "ಅವನ ಜಾಗದಲ್ಲಿ ನೀನಿದ್ದಿದ್ದರೆ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಮಗು ಮಾತಾಡುತ್ತದೆ.

ಊರಲ್ಲೇ ಇರುವ ಬೀರು

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ, ನವೆಂಬರ್ 14ರ ಮಕ್ಕಳ ದಿನದಂದು 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇವನ್ನೇ ಈಗ ಅರಿವು ಕೇಂದ್ರ ಅನ್ನುತ್ತೇವೆ. ನಿಮ್ಮ ಮಗುವಿನ ಹೆಸರು ಅಲ್ಲಿದೆಯೇ? ಇಲ್ಲದಿದ್ದರೆ ನಾಳೆಯೇ ಹೋಗಿ ಬರೆಸಿ.

ಆದರೆ ಪುಸ್ತಕ ಬೀರುವಿನಲ್ಲಿದ್ದರೆ, ಕಥೆ ಫೋನಿನಲ್ಲಿದ್ದರೆ ಸಾಲದು. ಫೋನನ್ನು ಮಗುವಿನ ಕೈಗೆ ಕೊಟ್ಟು ಕಳಿಸಿದರೆ ಅದು ಕಥೆ ಬಿಟ್ಟು ಇನ್ನೇನನ್ನೋ ನೋಡುತ್ತದೆ. ಪಂಜೆಯವರಿಂದ ಬಾಣಸವಾಡಿಯವರೆಗೆ ಎಲ್ಲರೂ ಮಾಡಿದ್ದು ಕಥೆಯನ್ನು ಮನೆಬಾಗಿಲಿಗೆ ತಂದು ಇಡುವ ಕೆಲಸ. ಬಾಯಿಗೆ ತಂದುಕೊಳ್ಳಬೇಕಾದವರು ನಾವು. ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಹತ್ತು ನಿಮಿಷ ಗಟ್ಟಿಯಾಗಿ ಓದಿದರೆ ಸಾಕು. ಓದಲು ಬಾರದಿದ್ದರೆ ಚಿತ್ರ ನೋಡಿ ನಿಮ್ಮ ಮಾತಿನಲ್ಲೇ ಹೇಳಿ.

ಈಗ ಆ ಹೆಂಗಸಿನ ಕಥೆ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಹನುಮಂತನ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಆ ಮನೆಯ ದೀಪ ತಡವಾಗಿ ಬಂದು, ಜಗಳವಾದದ್ದು ಯಾಕೆ ಎಂದು ಉಳಿದವಕ್ಕೆ ಹೇಳಿತು. ಗಂಡ ಕೇಳಿಸಿಕೊಂಡ. ಅನುಮಾನ ಕರಗಿತು. ಬೆಳಗಾಗುತ್ತಲೇ ಮನೆಗೆ ಹೋಗಿ, "ನಿನಗೆ ಗೊತ್ತಿರುವ ಆ ಕಥೆ, ಆ ಹಾಡು ಯಾವುದು?" ಎಂದು ಕೇಳಿದ.

"ಯಾವ ಕಥೆ? ಯಾವ ಹಾಡು?" ಎಂದಳು. ಅವಳಿಗೆ ಎರಡೂ ಮರೆತುಹೋಗಿದ್ದವು.

ನಿಮಗೆ ಇನ್ನೂ ನೆನಪಿದ್ದರೆ, ಇವತ್ತು ರಾತ್ರಿಯೇ ಹೇಳಿಬಿಡಿ.