ಇಂಗ್ಲಿಷ್ ಪದಗಳ ಹಿಂದಿ ಅರ್ಥ: ತುಮಕೂರು ಸೀಮೆಯಲ್ಲಿ

ಇಂಗ್ಲಿಷ್ ಪದದ ಅರ್ಥವನ್ನು ಹಿಂದಿಯ ಮೂಲಕ ತಿಳಿಯಬೇಕಾದ ಪ್ರಸಂಗ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಶಾಲೆಯ ಹಿಂದಿ ಪಾಠದಲ್ಲಿ, ಬ್ಯಾಂಕಿನ ಚಲನ್‌ನಲ್ಲಿ, ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಗೆ ಓದುವಾಗ ಬರುತ್ತದೆ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರು ಮೂರು ಲಿಪಿಗಳಲ್ಲಿದ್ದರೂ ಗೊಂದಲವಿಲ್ಲ. ತೊಡಕಿರುವುದು ಪದಗಳ ಅರ್ಥದಲ್ಲಿ.

ಹಿಂದಿಯ ಪದಸಂಪತ್ತು ಮುಖ್ಯವಾಗಿ ಸಂಸ್ಕೃತದಿಂದ ಬೆಳೆಯಬೇಕೆಂದು ಸಂವಿಧಾನದ 351ನೆಯ ವಿಧಿ ಹೇಳುತ್ತದೆ. ಕನ್ನಡವೂ ಶತಮಾನಗಳಿಂದ ಸಂಸ್ಕೃತದ ಪದಗಳನ್ನು ತಂದುಕೊಂಡು, ತನ್ನ ಬಳಕೆಗೆ ತಕ್ಕಂತೆ ತಿರುಗಿಸಿಕೊಂಡಿದೆ. ಹಾಗಾಗಿ ಹಿಂದಿ ಅರ್ಥ ನೋಡಿದೊಡನೆ ಗೊತ್ತಿರುವ ಪದವೇ ಅನ್ನಿಸುತ್ತದೆ. ಮೋಸ ಹೋಗುವುದು ಅಲ್ಲೇ. ‘ಆಪರ್ಚುನಿಟಿ’ಗೆ ಹಿಂದಿಯಲ್ಲಿ ‘ಅವಸರ’. ಕನ್ನಡದ ಮಗುವಿಗೆ ಅದು ಗಡಿಬಿಡಿ. ಆ ಮಗು ಬಲ್ಲ ‘ಅವಕಾಶ’ ಹಿಂದಿಗೆ ಹೋದರೆ ರಜೆ! ‘ನಾವೆಲ್’ ಅಲ್ಲಿ ಉಪನ್ಯಾಸ, ನಮ್ಮಲ್ಲಿ ಉಪನ್ಯಾಸವೆಂದರೆ ಕಾಲೇಜಿನ ಪಾಠ. ‘ಇಂಡಸ್ಟ್ರಿ’ ಅಲ್ಲಿ ಉದ್ಯೋಗ, ನಮಗೆ ಉದ್ಯೋಗವೆಂದರೆ ಕೆಲಸ. ‘ಎಸ್ಟಿಮೇಟ್’ಗೆ ಅವರು ಅನುಮಾನ ಎನ್ನುತ್ತಾರೆ, ನಮಗದು ಸಂಶಯ. ‘ಎಜುಕೇಶನ್’ಗೆ ಅವರ ‘ಶಿಕ್ಷಾ’ವಂತೂ ನಮ್ಮ ಕಿವಿಗೆ ದಂಡನೆಯಂತೆಯೇ ಕೇಳುತ್ತದೆ. ಇಂಥ ಜೋಡಿಗಳನ್ನು ಹಿಂದಿ ಪಠ್ಯದ ಮೊದಲ ಪುಟಗಳಲ್ಲೇ ಹೇಳಿಕೊಡಬೇಕಿತ್ತು.

ಪದದ ಅರ್ಥ ಹುಡುಕುವ ಕೆಲಸ ಈ ಸೀಮೆಗೆ ಹೊಸದಲ್ಲ. 1830ರ ದಶಕದ ಕೊನೆಯ ಹೊತ್ತಿಗೆ ವೆಸ್ಲಿಯನ್ ಎಂಬ ಕ್ರೈಸ್ತ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತ್ತು. ಅಲ್ಲಿದ್ದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿಸಿದರು. ಅದೇ ಮಿಷನ್ನಿನ ಥಾಮಸ್ ಹಾಡ್ಸನ್ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದರು. ಇಂದು ಕನ್ನಡಿಗರು ಇಂಗ್ಲಿಷಿನ ಅರ್ಥ ಹುಡುಕುವಂತೆ ಅಂದು ಇಂಗ್ಲಿಷ್ ನುಡಿಯವರು ಕನ್ನಡದ ಅರ್ಥ ಹುಡುಕಿದ್ದರು.

ಗುಬ್ಬಿಗೆ ಹೊಂದಿಕೊಂಡ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ. ಶ್ರೀಕಂಠಯ್ಯ (1906–1966). ಸಂವಿಧಾನದ ಪರಿಭಾಷೆ ರೂಪಿಸಿದ ತಜ್ಞರಲ್ಲಿ ಅವರಿದ್ದರು. ‘ಪ್ರೆಸಿಡೆಂಟ್’ಗೆ ‘ರಾಷ್ಟ್ರಪತಿ’ ಎಂಬ ಪದ ಸೂಚಿಸಿದ ಹಿರಿಮೆಯನ್ನು ಕನ್ನಡಿಗರು ಅವರಿಗೆ ಸಲ್ಲಿಸುತ್ತಾರೆ. ಅದು ಹಿಂದಿಗೂ ಕನ್ನಡಕ್ಕೂ ಒಂದೇ ಅರ್ಥದಲ್ಲಿ ಒದಗಿದ ಪದ.

ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗೆ ದುಡಿದರು. ಅದು ಪ್ರಕಟವಾದದ್ದು 1946ರಲ್ಲಿ, ಅವರು ತೀರಿಕೊಂಡ ವರ್ಷವೇ. ಹಿಂದಿ ಅರ್ಥ ನೋಡಿದವರು ಆ ನಿಘಂಟನ್ನೂ ಒಮ್ಮೆ ತೆರೆದು ನೋಡಲಿ.