ಚಂದ್ರನೆಲೆಯ ಪತ್ತೇದಾರಿಗೆ ಕೋಲಾರದ ಪೂರ್ವಕಥೆ

ಚಂದ್ರನ ಮೇಲಿನ ಮಾನವ ನೆಲೆಯೊಂದರಲ್ಲಿ ಮಕ್ಕಳ ಪತ್ತೇದಾರಿ ಕಾದಂಬರಿ ನಡೆಯಬೇಕಾದರೆ ಲೇಖಕನಿಗೆ ಮುಖ್ಯವಾಗಿ ಎರಡು ಸಾಮಗ್ರಿ ಬೇಕು: ಹೊರಗಿನವರು ನುಸುಳಲಾಗದ, ಒಳಗಿನವರೂ ಮನಬಂದಂತೆ ಹೊರಬೀಳಲಾಗದ ಒಂದು ಮುಚ್ಚಿದ ಊರು, ಮತ್ತು ಆ ಊರಿನಲ್ಲಿ ಕಾರಣ ತಿಳಿಯದೆ ನಡೆದುಹೋದ ಒಂದು ಘಟನೆ. ಅಮೆರಿಕದ ಸ್ಟುವರ್ಟ್ ಗಿಬ್ಸ್ 2014ರಲ್ಲಿ ಪ್ರಕಟಿಸಿದ 'ಸ್ಪೇಸ್ ಕೇಸ್' ಈ ಬಗೆಯದು. ಅದರಲ್ಲಿ ಚಂದ್ರನೆಲೆಯ ವಿಜ್ಞಾನಿಯೊಬ್ಬನ ಸಾವಿನ ಹಿಂದಿನ ಸತ್ಯವನ್ನು ಅಲ್ಲಿಯೇ ವಾಸಿಸುವ ಹುಡುಗನೊಬ್ಬ ಹುಡುಕುತ್ತಾನೆ. ಕನ್ನಡದಲ್ಲಿ ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಮೊದಲಾದವರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಓದುಗ ವರ್ಗವನ್ನೇ ಕಟ್ಟಿದರು. ಶಿವರಾಮ ಕಾರಂತರ 'ಬಾಲ ಪ್ರಪಂಚ' ಮಕ್ಕಳಿಗೆ ವಿಜ್ಞಾನದ ಬಾಗಿಲು ತೆರೆದರೆ, ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ, ಕಾದಂಬರಿಗಳಿಗೆ ಒಂದು ನೆಲೆ ಒದಗಿಸಿದರು. ಈ ಎರಡು ಧಾರೆಗಳು ಹೆಚ್ಚಾಗಿ ಬೇರೆ ಬೇರೆಯಾಗಿಯೇ ಹರಿದವು. ಆದರೆ ಅವೆರಡೂ ಕೂಡಬಹುದಾಗಿದ್ದ ಒಂದು ನಿಜವಾದ ಊರು ಕನ್ನಡನಾಡಿನಲ್ಲಿಯೇ ಇತ್ತು; ಅದು ಕೋಲಾರ ಜಿಲ್ಲೆಯ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆ.ಜಿ.ಎಫ್.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆ ಕೆರೆ, ರಾಗಿ, ರೇಷ್ಮೆ, ಮಾವುಗಳ ಸೀಮೆ; ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿನ ಅನೇಕ ಕುಟುಂಬಗಳ ವಾಡಿಕೆ. ಇದರ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದಕ್ಕೆ ಚಾಚಿರುವ ಕಪ್ಪು ಶಿಲೆಗಳ ಕಿರಿದಾದ ಪಟ್ಟಿಯೊಂದರಲ್ಲಿ ಚಿನ್ನವಿದೆ ಎಂಬುದು ಊರವರಿಗೆ ಹಿಂದಿನಿಂದಲೂ ಗೊತ್ತಿತ್ತು. ಟಿಪ್ಪುವಿನ ಪತನದ ನಂತರ ಮೈಸೂರಿನ ಪೂರ್ವ ಗಡಿಯ ಸರ್ವೇಕ್ಷಣೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನೂ ಮಾರಿಕುಪ್ಪದ ಬಳಿಯ ಹಳೆಯ ಗಣಿಗಳಲ್ಲಿ ಜನ ಇಳಿದು ದುಡಿಯುವುದನ್ನೂ ಕಂಡು ದಾಖಲಿಸಿದನು. ಐರಿಷ್ ಸೈನಿಕ ಲ್ಯಾವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದನಾದರೂ ಹಣ ಸಾಲದೆ ಹಿಂದೆ ಸರಿದನು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕೈಹಾಕಿದ ಮೇಲೆಯೇ ಉದ್ಯಮ ಬೇರೂರಿತು.

ಅಲ್ಲಿಂದ ಮುಂದೆ ಕಟ್ಟಿದ್ದು ಒಂದು ವಸಾಹತನ್ನು, ಅಂದರೆ ಇದ್ದ ನೆಲದಿಂದಲ್ಲದೆ ದೂರದಿಂದ ತರಿಸಿದ ಸರಕಿನ ಮೇಲೆ ಬದುಕುವ ನೆಲೆಯನ್ನು. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ಉದ್ದದ ತಂತಿಯಲ್ಲಿ ಹರಿದು 1902ರ ಜೂನ್ ತಿಂಗಳಲ್ಲಿ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳಿಗೆ. ನೀರನ್ನು ಪಾಲಾರ್ ನದಿಗೆ ಸೇರಿದ ಬೇತಮಂಗಲದ ಕೆರೆಯಿಂದ ತಂದರು. ಕೊನೆಗೆ ಗಾಳಿಯನ್ನೂ ಕಳಿಸಬೇಕಾಯಿತು: ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ಆಳವನ್ನು ಮೀರಿ ಇಳಿದಾಗ ಅಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ ದಾಟಿದ್ದರಿಂದ, ತಂಪುಗೊಳಿಸಿದ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ನೂಕದೆ ದುಡಿಯುವುದು ಅಸಾಧ್ಯವಾಗಿತ್ತು. ಒತ್ತಡಕ್ಕೆ ಸಿಕ್ಕ ಬಂಡೆ ಸಿಡಿಮದ್ದಿನಂತೆ ಒಮ್ಮೆಗೇ ಸಿಡಿಯುವ 'ರಾಕ್ ಬರ್ಸ್ಟ್' ಇಲ್ಲಿನ ನಿತ್ಯಭಯವಾಗಿತ್ತು. ವಿದ್ಯುತ್ತು, ನೀರು, ಗಾಳಿ ಮೂರಕ್ಕೂ ಹೊರಗಿನವರನ್ನು ನಂಬಿದ ಊರನ್ನು ಕಲ್ಪಿಸಲು ಕಾದಂಬರಿಕಾರ ಆಕಾಶ ನೋಡಬೇಕಾಗಿರಲಿಲ್ಲ.

ಜನರಲ್ಲಿಯೂ ಮೇಲು ಕೀಳುಗಳ ಪದರವಿತ್ತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರು, ಆಂಗ್ಲೋ ಇಂಡಿಯನ್ನರು ಮೇಲ್ವಿಚಾರಣೆಯಲ್ಲಿದ್ದರೆ, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ, ಬಹುಪಾಲು ದಲಿತರಾದ ತಮಿಳು, ತೆಲುಗು ಕಾರ್ಮಿಕರು 'ಲೈನ್' ಎನ್ನುವ ಸಾಲುಮನೆಗಳಲ್ಲಿ, ಬಿದಿರ ತಟ್ಟಿಯ ಗುಡಿಸಲುಗಳಲ್ಲಿ ಸಂಸಾರ ಹೂಡಿದರು. ಸಾಹಿತಿಗಳಾದ ಮಾಲೂರು ತಾಲ್ಲೂಕಿನ ಮಾಸ್ತಿ ಮತ್ತು ಮುಳಬಾಗಿಲಿನ ಡಿ.ವಿ.ಜಿ. ಇದೇ ಜಿಲ್ಲೆಯವರಾಗಿದ್ದರೂ ಅವರ ಪ್ರಮುಖ ಕೃತಿಗಳ ಭೂಮಿಕೆ ಈ ಗಣಿಯೂರಲ್ಲ. ಗಣಿಯ ಮಾತು ತಮಿಳಾಗಿದ್ದುದರಿಂದ ಕನ್ನಡ ಸಾಹಿತ್ಯಕ್ಕೆ ಅದು ನೆರೆಯಲ್ಲಿಯೇ ಇದ್ದ ಪರಸ್ಥಳವಾಗಿ ಉಳಿಯಿತೆಂದು ಊಹಿಸಬಹುದು.

ಇಂಥ ಊರಿನಲ್ಲಿ ಪತ್ತೇದಾರಿಕೆ ಕಥೆಯಾಗಿರದೆ ಆಡಳಿತದ ದಿನಚರಿಯೇ ಆಗಿತ್ತು. ಚಿನ್ನದ ಅದಿರನ್ನು ಬಟ್ಟೆಯಲ್ಲಿಯೋ ಬಾಯಲ್ಲಿಯೋ ಅಡಗಿಸಿ ಸಾಗಿಸಬಹುದೆಂಬ ಶಂಕೆಯಿಂದ ಕಂಪನಿಗಳು ಪಾಳಿ ಮುಗಿಸಿ ಮೇಲೆ ಬಂದವರನ್ನು ಶೋಧಿಸುತ್ತಿದ್ದವು. 1897ರ ಮೈಸೂರು ಗಣಿ ಕಾಯಿದೆಯು ಅದಿರು ಕೈಯಲ್ಲಿ ಸಿಕ್ಕಿದವನೇ ತನ್ನ ನಿರ್ದೋಷಿತ್ವವನ್ನು ರುಜುವಾತುಪಡಿಸಬೇಕೆಂಬ ಧೋರಣೆ ತಳೆಯಿತು. ಸಾಮಾನ್ಯ ನ್ಯಾಯದಲ್ಲಿ ಆರೋಪಿಸಿದವರ ಮೇಲಿರುವ ಹೊಣೆ ಇಲ್ಲಿ ಆರೋಪಿಯ ಹೆಗಲಿಗೆ ಬಂದಿತು. ಅದೇ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸರು ನೆರವಾಗಿ ರೂಪಿಸಿದ ವರ್ಗೀಕರಣ ಕ್ರಮವು ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಜಗತ್ತಿಗೆಲ್ಲ ಹರಡಿತು. ಕಾದಂಬರಿಯ ಪತ್ತೇದಾರನಿಗೆ ಬೆರಳಚ್ಚು ಸತ್ಯದ ಕೀಲಿಕೈ. ಆದರೆ 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಕಂಪನಿಗಳು ತಂದಾಗ, ಕಳ್ಳರಂತೆ ತಮ್ಮನ್ನು ಗುರುತು ಹಾಕುವುದನ್ನು ಒಪ್ಪದ ಗಣಿಯ ಜನ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಮುಚ್ಚಿದ ಊರಿನ ರಹಸ್ಯಕಥೆ ಊರವರನ್ನೆಲ್ಲ ಶಂಕಿತರೆಂದು ಹಿಡಿದೇ ಹೊರಡುತ್ತದೆ. ಶಂಕಿತರ ಕಡೆಯಿಂದ ಆ ಕಥೆ ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಮುಷ್ಕರಕ್ಕಿಂತ ಉತ್ತಮ ಸಾಕ್ಷ್ಯ ದುರ್ಲಭ. ಮಕ್ಕಳ ಕಾದಂಬರಿಗಳು ಈ ಪ್ರಶ್ನೆಯನ್ನು ಎತ್ತುವುದೇ ಅಪರೂಪ, ಏಕೆಂದರೆ ಅವುಗಳ ಪುಟ್ಟ ಪತ್ತೇದಾರ ಸಾಮಾನ್ಯವಾಗಿ ವಿಜ್ಞಾನಿಯ ಮಗನೇ ಹೊರತು ಲೈನ್‌ಮನೆಯ ಹುಡುಗನಲ್ಲ.

ಗಣಿಯ ಎರಡನೆಯ ರಹಸ್ಯ ಪೊಲೀಸರಿಗೆ ಸೇರಿದುದಲ್ಲ. ಬಾಹ್ಯಾಕಾಶದಿಂದ ಭೂಮಿಗೆ ಸತತವಾಗಿ ಬಂದೆರಗುವ ಅತಿವೇಗದ ಕಣಗಳನ್ನು ವಿಶ್ವಕಿರಣಗಳೆನ್ನುತ್ತಾರೆ. ಅವು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ಬಂಡೆಯನ್ನೂ ಬಹುದೂರ ತೂರಬಲ್ಲವು. ಹೋಮಿ ಭಾಭಾ ಅವರ ಸಲಹೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಈ ಗಣಿಗಳ ವಿವಿಧ ಆಳಗಳಲ್ಲಿ ಮ್ಯೂಯಾನ್‌ಗಳನ್ನು ಎಣಿಸತೊಡಗಿದರು. ಮುಂದೆ ಸುಮಾರು 2.8 ಕಿ.ಮೀ. ಆಳದಲ್ಲಿಟ್ಟ ಉಪಕರಣವು ಎರಡು ತಿಂಗಳಾದರೂ ಒಂದು ಮ್ಯೂಯಾನನ್ನೂ ದಾಖಲಿಸದಿದ್ದಾಗ, ಅಷ್ಟು ನಿಶ್ಶಬ್ದವಾದ ತಾಣದಲ್ಲಿ ನ್ಯೂಟ್ರಿನೊವನ್ನು, ಅಂದರೆ ವಿದ್ಯುದಂಶವಿಲ್ಲದೆ ಭೂಮಿಯನ್ನೇ ಹಾಯ್ದುಹೋಗಬಲ್ಲ ಕಣವನ್ನು, ಹುಡುಕಬಹುದೆಂಬುದು ಸ್ಪಷ್ಟವಾಯಿತು. ಎಂ.ಜಿ.ಕೆ. ಮೆನನ್ ಮೊದಲಾದವರು ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೊಡನೆ ಸೇರಿ ಸುಮಾರು 2.3 ಕಿ.ಮೀ. ಆಳದಲ್ಲಿ ಪ್ರಯೋಗ ನಡೆಸಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಅದೇ ವರ್ಷ ಅವನ್ನು ಗುರುತಿಸಿತ್ತು.

ಚಂದ್ರನೊಡನೆ ಕೋಲಾರದ ನಂಟು ಇಲ್ಲಿ ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ. ವಾಯುಮಂಡಲವಿಲ್ಲದ ಚಂದ್ರನ ಮೇಲೆ ಈ ವಿಶ್ವಕಿರಣಗಳು ನೇರವಾಗಿ ನೆಲಕ್ಕೆ ಬಡಿಯುವುದರಿಂದ, ಅಲ್ಲಿ ದೀರ್ಘಕಾಲ ವಾಸಿಸುವವರು ಮೇಲ್ಮಣ್ಣಿನ ದಪ್ಪ ಹೊದಿಕೆಯ ಅಡಿಯಲ್ಲಿ, ಇಲ್ಲವೆ ಹಿಂದೊಮ್ಮೆ ಲಾವಾ ಹರಿದು ಉಳಿದ ಸುರಂಗಗಳಲ್ಲಿ ಇರಬೇಕಾಗುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಗಣಿಗೆ ಇಳಿದ ಭೌತವಿಜ್ಞಾನಿ ತನ್ನ ಉಪಕರಣವನ್ನು ಯಾವುದರಿಂದ ಮರೆಮಾಡಿದನೋ ಚಂದ್ರನೆಲೆಯ ನಿವಾಸಿ ಅದರಿಂದಲೇ ತನ್ನ ಮೈಯನ್ನು ಮರೆಮಾಡಬೇಕು.

ಕೋಲಾರದ ಗಣಿಯ ಪ್ರಯೋಗಗಳಲ್ಲಿ ದೊರೆತ ಕೆಲವು ದಾಖಲೆಗಳು ಯಾವ ಪರಿಚಿತ ಕಣಕ್ಕೂ ಹೊಂದಲಿಲ್ಲ. ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ ಒಂದೇ ಬಿಂದುವಿನಿಂದ ಹಲವು ಜಾಡುಗಳು ಕವಲೊಡೆದಂತೆ ಕಂಡ ಇವನ್ನು 1975ರಲ್ಲಿ ಪ್ರಕಟಿಸಲಾಯಿತು. ಭಾರವಾದ, ತುಸು ದೀರ್ಘಾಯುವಾದ ಹೊಸ ಕಣವೊಂದು ಸಿಡಿದಿರಬಹುದೆಂಬ ಊಹೆ ಹುಟ್ಟಿ, 'ಕೋಲಾರ್ ಈವೆಂಟ್ಸ್' ಎಂಬ ಹೆಸರು ಭೌತವಿಜ್ಞಾನದಲ್ಲಿ ನಿಂತಿತು. 1980ರಲ್ಲಿ ಸುಮಾರು 140 ಟನ್ ತೂಕದ ಉಪಕರಣವನ್ನಿಟ್ಟು ಪ್ರೋಟಾನ್ ಕಣವೂ ಕ್ಷಯಿಸುತ್ತದೆಯೇ ಎಂದು ಪರೀಕ್ಷಿಸಿದಾಗಲೂ ಕೆಲವು ಆಶಾದಾಯಕ ಜಾಡುಗಳು ಸಿಕ್ಕವು, ಆದರೆ ಜಪಾನ್ ಮತ್ತು ಅಮೆರಿಕದ ಇನ್ನೂ ದೊಡ್ಡ ಉಪಕರಣಗಳು ಅವನ್ನು ದೃಢಪಡಿಸಲಿಲ್ಲ. ಗಣಿಯಲ್ಲಿ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರುತ್ತ ಬಂದಂತೆ ಆಳದ ಭಾಗಗಳು ಒಂದೊಂದಾಗಿ ಮುಚ್ಚಿ, 1992ರ ಹೊತ್ತಿಗೆ ಪ್ರಯೋಗಾಲಯವೂ 2001ರ ಫೆಬ್ರವರಿ 28ರಂದು ಗಣಿಯೂ ನಿಂತವು. ಅನಂತರ ನೀರೆತ್ತುವ ಪಂಪುಗಳು ನಿಂತು ಕೆಳಗಿನ ಹಂತಗಳಲ್ಲಿ ನೀರು ತುಂಬಿದ್ದರಿಂದ, ಆ ಜಾಡುಗಳು ಕಂಡ ಜಾಗದಲ್ಲಿಯೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವ ದಾರಿ ಮುಚ್ಚಿಹೋಯಿತು.